ಹಿಂದಿನ ಸೀಟು

ಪ್ರವಾಸಿಗರಿಗೆ ಕಡಲಂಚಿನ ಸೈಕಲ್ ದಾರಿ ತೋರಿಸುವ ಗಂಡ, ಭಾನುವಾರ ಮಾತ್ರ ಇಬ್ಬರು ತುಳಿಯುವ ಸೈಕಲ್ ಒಯ್ಯುತ್ತಿದ್ದ.

"ಹಿಂದೆ ಯಾರು ಕೂರೂದು?" ಅವಳು ಕೇಳಿದಳು.

"ಒಬ್ರು ಖಾಯಂ ಗಿರಾಕಿ."

"ದಾರಿಯುದ್ದಕ್ಕೂ ಎಂತ ಮಾತಾಡ್ತೀರಿ?"

"ಎಂತ ಇಲ್ಲ ಮಾರಾಯ್ತಿ."

ಮನೆಯಲ್ಲೂ ಅವನ ಮಾತು ಅಷ್ಟೇ. ಊಟಕ್ಕೆ ಕರೆದರೆ ಒಂದು ಹೂಂ.

ತಡೆಯಲಾರದೆ ಅವಳು ಅಳಿವೆಯ ಸೇತುವೆಯ ಬಳಿ ಕಾದು ನಿಂತಳು. ಸೈಕಲ್ ಬಂತು. ಹಿಂದೆ ಕಣ್ಣು ಕಾಣದ ಮುದುಕರೊಬ್ಬರು ನಗುತ್ತಾ ಪೆಡಲ್ ತುಳಿಯುತ್ತಿದ್ದರು.

"ಎಡಕ್ಕೆ ಕಡಲು ಮಾಸ್ಟ್ರೇ, ಇವತ್ತು ಗಂಜಿತಿಳಿ ಹಾಗೆ ಬೆಳ್ಳಗುಂಟು. ದೋಣಿ ಮೇಲೊಂದು ಕೊಕ್ಕರೆ, ಥೇಟ್ ನಿಮ್ಮ ಹಾಗೇ ಕತ್ತು ಚಾಚಿ ನಿಂತಿದೆ." ಗಂಡನ ಮಾತು ತಿರುವಿನಾಚೆಗೂ ಕೇಳುತ್ತಲೇ ಇತ್ತು.

ಹೆಣ್ಣಲ್ಲವೆಂದು ತಿಳಿದ ಮೇಲೂ ಅವಳ ಹೊಟ್ಟೆಯುರಿ ಆರಲಿಲ್ಲ.

ಮುಂದಿನ ಭಾನುವಾರ ಗಂಡ ಅಂಗಳಕ್ಕೆ ಬರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಅವಳು ಕೂತಿದ್ದಳು, ವೇಲಿನಿಂದ ಕಣ್ಣು ಕಟ್ಟಿಕೊಂಡು.