ಒಂದು ಮಧ್ಯಾಹ್ನದ ಯಜಮಾನಿ

ಮದುವೆಯ ಫೋಟೊ ಕೊನೆಯದಾಗಿ ಗೋಡೆಯಿಂದ ಇಳಿಯಿತು. ಒಡೆಸಾ ಅದನ್ನು ಮಂಚದಡಿ ತಳ್ಳಿ ಅಡುಗೆಮನೆಗೆ ಹೋಗಿ ಏಪ್ರನ್ ಕಟ್ಟಿಕೊಂಡಳು. ಎಂಟು ತಿಂಗಳ ಹೊಟ್ಟೆಯ ಮೇಲೆ ಅದು ಸರಿಯಾಗಿ ಕೂರಲಿಲ್ಲ. ಇನ್ನೇನು ಮನೆ ನೋಡಲು ಜನ ಬರುವವರಿದ್ದರು. ಅಷ್ಟರೊಳಗೆ ಅವಳು ತನ್ನದೇ ಮನೆಯ ಕೆಲಸದವಳಾಗಬೇಕಿತ್ತು.

ಕ್ಲೀವ್‌ಲೆಂಡ್ ಹೊರವಲಯದ ಆ ಬೀದಿಯಲ್ಲಿ ಎಪ್ಪತ್ತೆರಡನೇ ಇಸವಿಯ ಹೊತ್ತಿಗೆ ಅವಳದೂ ಸೇರಿ ಕಪ್ಪು ಜನರ ಮನೆಗಳು ನಾಲ್ಕಿದ್ದವು. ಬಣ್ಣ ನೋಡಿ ಮನೆ ಮಾರಬಾರದೆಂದು ಕಾನೂನೂ ಬಂದಿತ್ತು. ಕಾನೂನು ಬಂದರೆ ಸಾಕೇ? ಇಲ್ಲಿಯವರೆಗೆ ಬಂದ ಬಿಳಿಯರೆಲ್ಲ ಗೋಡೆಯ ಫೋಟೊ ನೋಡಿ, ಸ್ನಾನದ ಮನೆ ಚಿಕ್ಕದಾಯಿತು ಎಂದು ನೆಪ ಹೇಳಿ ಕಾಲ್ತೆಗೆದಿದ್ದರು. ಗಂಡ ರಾಸ್ಕೋ ದೂರದ ಟೊಲೀಡೊದಲ್ಲಿ ಕೆಲಸಕ್ಕೆ ಸೇರಿ ವರ್ಷವಾಗುತ್ತ ಬಂದಿತ್ತು. ಅವನಿರುವ ಬಾಡಿಗೆ ಕೋಣೆಯಲ್ಲಿ ಹೆಂಗಸರಿಗೆ ಜಾಗವಿಲ್ಲ. ಇದನ್ನು ಮಾರದೆ ಅಲ್ಲೊಂದು ಮನೆ ಕೊಳ್ಳುವಂತಿಲ್ಲ. ಮೊದಲ ಸಲ ನೋವು ಬಂದಾಗ ಒಡೆಸಾ ಈ ಮನೆಯಲ್ಲಿ ಒಬ್ಬಳೇ ಇದ್ದಳು. ಆ ಮಗು ಉಳಿಯಲಿಲ್ಲ. ಈ ಸಲ ನೋವು ಬರುವುದರೊಳಗೆ ಅವಳು ಗಂಡನ ಬಳಿ ಇರಬೇಕಿತ್ತು.

ಅದಕ್ಕೇ ಈ ನಾಟಕ. ಒಡೆಸಾಳ ಜೊತೆ ಊರಿನ ಶಾಲೆಯಲ್ಲಿ ಪಾಠ ಹೇಳುವ ಬಿಳಿ ಗೆಳತಿ ನಾರ್ಮಾ ಇವತ್ತು ಮನೆಯೊಡತಿ. ಉಳಿದ ಮೂರು ಮನೆಯವರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಂಡು ಪರದೆ ಎಳೆದಿದ್ದರು. ಅವರ ಬಾಗಿಲಿಗೆ ಹೋಗಿ ಅಷ್ಟನ್ನು ಕೇಳಿಕೊಳ್ಳುವಾಗ ಒಡೆಸಾಳಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತ್ತು.

ಬಂದವಳು ಒಬ್ಬಳೇ. ಹೊಂಬಣ್ಣದ ಕೂದಲು, ಬಿಳಿ ಕೈಗವಸು. ಹೆಸರು ಮಿಸೆಸ್ ಹಾಲ್ಡೇನ್. ನಾರ್ಮಾ ಸ್ನಾನದ ಮನೆ ಎಂದು ಬಟ್ಟೆ ಕಪಾಟಿನ ಬಾಗಿಲು ತೆರೆದು ತೋರಿಸಿದಳು. ಬಂದವಳ ಗಮನ ಬೇರೆಲ್ಲೋ ಇತ್ತು. ಒಬ್ಬ ಮಗಳಿದ್ದಾಳೆ ಎಂದಳು, ವಯಸ್ಸು ಕೇಳಿದರೆ ಆರೋ ಏಳೋ ಎಂದು ತಡವರಿಸಿದಳು. ಎಂಥ ತಾಯಿಯೋ ಎಂದುಕೊಂಡಳು ಒಡೆಸಾ. ಕಾಫಿ ತಂದಿಟ್ಟಾಗ ಆಕೆ ಒಡೆಸಾಳ ಊದಿದ ಕಾಲು ನೋಡಿ ಕೂತುಕೊಳ್ಳಿ ಎಂದಳು. ಕೆಲಸದವಳಿಗೆ ಅಷ್ಟು ಮರ್ಯಾದೆ! ಅವಳಿಗೆ ಅಭ್ಯಾಸ ಇದೆ ಬಿಡಿ ಎಂದು ನಾರ್ಮಾ ನಗೆಯಾಡಿದಳು.

ಆಮೇಲೆ ಬಂದವಳು ದನಿ ತಗ್ಗಿಸಿದಳು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಈ ಬೀದೀಲಿ ಕರಿಯರ ಮನೆ ಏನಾದ್ರೂ ಇದೆಯಾ?"

ನಾರ್ಮಾ ಒಡೆಸಾಳ ಕಡೆ ನೋಡಲಿಲ್ಲ. "ಒಂದೂ ಇಲ್ಲ. ಶಾಲೇಲೂ ಇಲ್ಲ. ಇರೋದು ಇವಳೊಬ್ಬಳು, ಇವಳೂ ಸಂಜೆ ಬಸ್ ಹತ್ತಿ ಹೋಗ್ಬಿಡ್ತಾಳೆ."

"ಖಂಡಿತಾನಾ?"

"ದೇವರಾಣೆ. ನೀವು ನಿಶ್ಚಿಂತೆಯಾಗಿರಿ."

ಒಡೆಸಾ ತಟ್ಟೆ ಒರೆಸುತ್ತಲೇ ಇದ್ದಳು. ಹೇಸಿಗೆಯಾಯಿತು. ಅದರ ಜೊತೆಗೇ, ನಾರ್ಮಾ ಹೇಳಿದ್ದು ಸಾಕಾಯಿತೋ ಇಲ್ಲವೋ ಎಂಬ ಆತಂಕವೂ ಆಯಿತು.

ಬಂದವಳು ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಮನೆ ಚೆನ್ನಾಗಿದೆ, ಬೆಲೆಯೂ ಸರಿಯೇ, ಹೊರಗೆ ಕಾರಿನಲ್ಲಿರುವ ಮನೆಯವರನ್ನು ಕೇಳಿ ಬರುತ್ತೇನೆ ಎಂದು ಎದ್ದಳು. ಬಾಗಿಲು ಹಾಕಿದ್ದೇ ನಾರ್ಮಾ ಅಳತೊಡಗಿದಳು. ಒಡೆಸಾ ಅವಳ ಬೆನ್ನು ಸವರಿ, "ಸರಿಯಾಗೇ ಹೇಳಿದೆ ಕಣೇ, ಅವಳು ಒಪ್ಕೊಂಡ್ಳು" ಎಂದಳು. ಏಪ್ರನ್ ಬಿಚ್ಚಿ, ಮೊದಲು ಯಾವ ಪೆಟ್ಟಿಗೆ ಕಟ್ಟಬೇಕೆಂದು ಯೋಚಿಸಿದಳು.

ಬೀದಿಯ ತಿರುವಿನಲ್ಲಿ ಕಾರೊಂದು ನಿಂತಿತ್ತು. ಮುಂದೆ ಮನೆ ಹುಡುಕುತ್ತಿದ್ದ ಕಪ್ಪು ಗಂಡಹೆಂಡಿರು, ಹಿಂದೆ ಹಣೆಗೆ ಪಟ್ಟಿ ಕಟ್ಟಿದ ಅವರ ಮಗಳು. ಮಿಸೆಸ್ ಹಾಲ್ಡೇನ್ ಕಿಟಕಿಗೆ ಬಗ್ಗಿ ಹೇಳಿದಳು: "ಬೇಡ, ನಡೀರಿ. ಇಲ್ಲೂ ನಿಮ್ಮವರು ಒಬ್ಬರೂ ಇಲ್ಲ, ಈಗಿರೋ ಬೀದೀಲಿ ಆದ ಹಾಗೆ ಇಲ್ಲೂ ಮಗೂಗೆ ಕಲ್ಲೇಟೇ ಗತಿ."