ಒಡ್ಡಿನ ಬಾಯಿ

ನೀರು ಬೇಲಿಯ ಎರಡನೆಯ ತಂತಿ ಮುಟ್ಟುವ ಹೊತ್ತಿಗೆ ನೆಸ್ಟ ತನ್ನ ಕೊನೆಯ ಕುರಿಯನ್ನು ಒಡ್ಡಿನ ಒಳಗೆ ನೂಕಿದಳು. ಅರವತ್ತು ಕುರಿ, ಎಲ್ಲವೂ ತುಂಬು ಗಬ್ಬ. ಬೆಳಗಿನಿಂದ ಉಕ್ಕುತ್ತಲೇ ಇದ್ದ ಸೆವರ್ನ್ ನದಿ ಹತ್ತು ಗಂಟೆಗೆಲ್ಲ ಬಯಲನ್ನು ನುಂಗಿಬಿಟ್ಟಿತ್ತು. ಉಳಿದದ್ದು ಹಳೇ ಕೋಟೆಯ ಜಾಗವೊಂದೇ. ಕೋಟೆ ಎನ್ನಲು ಅಲ್ಲಿ ಒಂದು ಕಲ್ಲೂ ಇಲ್ಲ. ಒಂಬೈನೂರು ವರ್ಷಗಳ ಹಿಂದೆ ಯಾವನೋ ನಾರ್ಮನ್ ಸರದಾರ ಊರವರ ತಲೆಯ ಮೇಲೆ ಹೊರಿಸಿ ಗುಡ್ಡೆ ಹಾಕಿಸಿದ ಮಣ್ಣು, ಅಷ್ಟೆ. ಕಡಿದಾದ ಒಂದು ದಿಬ್ಬ, ಅದರ ಬುಡಕ್ಕೆ ಅಂಗಳ, ಅಂಗಳದ ಸುತ್ತ ಆಳೆತ್ತರದ ಒಡ್ಡು, ಒಡ್ಡಿನಾಚೆ ಕಂದಕ. ದಿಬ್ಬದ ನೆತ್ತಿ ಹತ್ತು ಕುರಿಗೂ ಸಾಲದು. ಕುರಿಗಳು ಉಳಿಯಬೇಕಾದರೆ ಅಂಗಳ ಉಳಿಯಬೇಕು. ಅಂಗಳಕ್ಕೆ ಇದ್ದದ್ದು ಒಂದೇ ಬಾಯಿ.

ಅದನ್ನು ಮುಚ್ಚಲೆಂದು ಅವಳು ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಉರುಳೆಗಳನ್ನು ಒಳಗೆ ತಂದಿಟ್ಟುಕೊಂಡಿದ್ದಳು. ಕಪ್ಪು ಪ್ಲಾಸ್ಟಿಕ್ ಸುತ್ತಿದ, ಅರ್ಧ ಟನ್ ತೂಗುವ ಉರುಳೆಗಳು. ಮೂರನ್ನು ಒತ್ತೊತ್ತಾಗಿ ಕೂರಿಸಿಯಾಗಿತ್ತು. ನಾಲ್ಕನೆಯದನ್ನು ಎತ್ತಿದ್ದಳಷ್ಟೆ, ಆಚೆಯಿಂದ ನಾಯಿಯನ್ನು ಕರೆಯುವ ಶಿಳ್ಳೆ ಕೇಳಿಸಿತು.

ಪಕ್ಕದ ಹೊಲದ ಇದ್ವಾಲ್. ಎಪ್ಪತ್ತು ದಾಟಿದ ಮುದುಕ, ಮೊಣಕಾಲು ಮುಳುಗುವ ನೀರಿನಲ್ಲಿ ತನ್ನ ಕುರಿಗಳನ್ನು ಹುಲ್ಲುಗಾವಲಿನಲ್ಲಿ ಇನ್ನೂ ಮುಳುಗದೆ ಉಳಿದ ಒಂದು ತೆವರಿನ ಮೇಲೆ ಗುಂಪುಗೂಡಿಸುತ್ತಿದ್ದ. ಒಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಆರು ವರ್ಷಗಳ ಹಿಂದೆ, ಟ್ರ್ಯಾಕ್ಟರ್ ಹಿಡಿಸಲೆಂದು ನೆಸ್ಟ ಈ ಬಾಯಿಯನ್ನು ಅಗೆಸಿ ಅಗಲ ಮಾಡಿಸಿದಾಗ, ಹಳೇ ಸ್ಮಾರಕ ಕೆಡಿಸುತ್ತಿದ್ದಾಳೆ ಎಂದು ಸರ್ಕಾರಕ್ಕೆ ಬರೆದವನು ಅವನೇ. ಅವಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಪತ್ರಿಕೆಯಲ್ಲಿ ಫೋಟೊ ಬಂತು. ಅಂದಿನಿಂದ ಮಾತಿಲ್ಲ. ಅವಳ ಗಂಡನನ್ನು ಮಣ್ಣು ಮಾಡಿದ ದಿನವೂ ಅವನು ಚಾಪೆಲ್ಲಿನ ಗೇಟಿನಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದು ಹಾಗೇ ಹೊರಟುಹೋಗಿದ್ದ.

ಉರುಳೆ ಇಳಿಸಿದರೆ ಮುಗಿಯಿತು. ಯಾರೂ ಏನೂ ಅನ್ನುವಂತಿರಲಿಲ್ಲ. ನೆಸ್ಟ ಟ್ರ್ಯಾಕ್ಟರಿನಿಂದ ಧುಮುಕಿ ಒಡ್ಡು ಹತ್ತಿದಳು.

"ಇದ್ವಾಲ್! ಈ ಕಡೆ ಹೊಡಿ!"

"ಅದು ನಿನ್ನ ಜಾಗ!"

"ಆ ಮಾತು ನದೀಗೆ ಹೇಳು! ಎಷ್ಟಿವೆ?"

"ನಲವತ್ತೊಂದು."

"ಇನ್ನೇನು ನೋಡ್ತಾ ನಿಂತಿದೀಯ? ಹೊಡೀ ಅಂದೆ!"

ಕಂದಕದ ಮೇಲಿನ ಮಣ್ಣಿನ ದಾರಿ ಆಗಲೇ ನೀರಿನಡಿ ಹೋಗಿತ್ತು. ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ತಪ್ಪಿದರೆ ಆಳ. ಮುಂದಿನ ಕುರಿ ನೀರು ಮೂಸಿ ನೋಡಿ ಕಾಲೂರಿ ನಿಂತಿತು. ಹಿಂದಿನವು ಒಂದರ ಮೇಲೊಂದು ಬಿದ್ದವು. ನೆಸ್ಟ ಪಾದದಿಂದಲೇ ದಾರಿ ತಡವುತ್ತಾ ಹೋದಳು. ಆ ಕುರಿಯ ಕುತ್ತಿಗೆಯ ಉಣ್ಣೆಗೆ ಕೈಹಾಕಿ ಬೈಯುತ್ತಾ ಎಳೆದು ತಂದಳು. ಅದು ಹೊರಟದ್ದೇ ತಡ, ಮಿಕ್ಕವು ಅದರ ಬಾಲ ಹಿಡಿದವು. ಹತ್ತು, ಇಪ್ಪತ್ತು, ಮೂವತ್ತು. ಅವುಗಳ ಜೊತೆ ನೀರೂ ಒಳಗೆ ಬಂತು. ಮೊದಲು ಬೆರಳಗಲದ ಹರಿವು, ಆಮೇಲೆ ಬಾಯಗಲಕ್ಕೂ ಕಂದು ಹಾಳೆ. ಅಂಗಳದ ಕುರಿಗಳು ಕಾಲೆತ್ತಿಕೊಂಡು ದಿಬ್ಬದ ಬುಡಕ್ಕೆ ಒತ್ತಿಕೊಂಡವು.

ಮೂವತ್ತೆರಡು ಒಳಗಾದಾಗ ಬೇಲಿಯ ಮರದ ಕಂಬವೊಂದು ತೇಲಿ ಬಂದು ದಾರಿಗೆ ಅಡ್ಡ ಬಡಿಯಿತು. ಉಳಿದ ಒಂಬತ್ತು ಬೆದರಿ ತೆವರಿನ ಕಡೆಗೇ ಓಡಿದವು. ಇದ್ವಾಲ್ ಅವುಗಳ ಹಿಂದೆ ತಿರುಗಿದ.

"ಬಿಟ್ಟು ಬಾರೋ!"

"ಒಂಬತ್ತಿವೆ ಕಣೇ! ನೀನು ಮುಚ್ಕೋ, ನಾನು ಇಲ್ಲೇ ಇರ್ತೀನಿ!"

"ನೀನು ಬರೋವರೆಗೂ ಉರುಳೆ ಇಳಿಯಲ್ಲ! ನಿನ್ನ ಒಂಬತ್ತಕ್ಕೋಸ್ಕರ ನನ್ನ ಅರವತ್ತು, ನಿನ್ನವೇ ಮೂವತ್ತೆರಡು, ಎಲ್ಲಾನೂ ಮುಳುಗಿಸ್ತೀಯಾ?"

ಅವನು ತೆವರಿನ ಕಡೆ ನೋಡಿದ, ಒಡ್ಡಿನ ಕಡೆ ನೋಡಿದ. ನೀರು ಅವನ ತೊಡೆಗೆ ಬಂದಿತ್ತು. ಕೊನೆಗೆ ನಾಯಿಯ ಕತ್ತುಪಟ್ಟಿ ಹಿಡಿದು ಬಂದ. ಕಂದಕದ ನಡುವೆ ಒಂದು ಕಾಲು ಜಾರಿ ಎದೆಮಟ್ಟ ಮುಳುಗಿದಾಗ ನೆಸ್ಟ ಅವನ ಕೋಟಿನ ಕಾಲರಿಗೆ ಕೈಹಾಕಿ ಒಳಗೆಳೆದಳು. ಮರುಕ್ಷಣ ಟ್ರ್ಯಾಕ್ಟರ್ ಹತ್ತಿ ಉರುಳೆ ಇಳಿಸಿದಳು. ಸಂದುಗಳಿಂದ ನೀರು ಚಿಮ್ಮಿತು. ಇಬ್ಬರೂ ಮಂಡಿಯೂರಿ ಕೆಸರು, ಗೋಣಿಚೀಲ, ಅವನ ಒದ್ದೆ ಕೋಟು, ಸಿಕ್ಕಿದ್ದನ್ನೆಲ್ಲ ತುರುಕಿದರು. ಚಿಮ್ಮುವುದು ಜಿನುಗುವುದಕ್ಕೆ ಇಳಿಯಿತು. ಒಡ್ಡು ತಡೆದು ನಿಂತಿತು.

ನೆಸ್ಟ ಏದುಸಿರು ಬಿಡುತ್ತಾ ಹೇಳಿದಳು: "ನಾನು ಅಗಲ ಮಾಡಿಸದೇ ಇದ್ದಿದ್ರೆ ಒಂದೇ ಉರುಳೆ ಸಾಕಾಗ್ತಿತ್ತು. ನಿನ್ನ ಆ ಒಂಬತ್ತಕ್ಕೂ ಹೊತ್ತಿರ್ತಿತ್ತು..."

"ಹಳೇ ಬಾಯಲ್ಲಿ ನಿನ್ನ ಟ್ರ್ಯಾಕ್ಟರೇ ಒಳಗೆ ಬರ್ತಿರ್ಲಿಲ್ಲ. ಕೈಲಿ ಹೊರ್ತಿದ್ದೆಯಾ ಉರುಳೇನ?" ಎಂದ ಇದ್ವಾಲ್. ನಗಲಿಲ್ಲ. ಒಡ್ಡಿಗೆ ಬೆನ್ನು ಕೊಟ್ಟು ಕುಸಿದು ಕೂತ. ಆಚೆಯಿಂದ ಅರಚಾಟ ಕೇಳಿಸುತ್ತಿತ್ತು.

"ನನ್ನ ಕೈಲಿ ನೋಡೋಕಾಗಲ್ಲ. ನೀನು ನೋಡ್ತಿರು ನೆಸ್ಟ. ಯಾರಾದ್ರೂ ಒಬ್ರು ನೋಡ್ತಿರ್ಬೇಕು," ಎಂದ.

ಅವಳು ಒಡ್ಡಿನ ಮೇಲೆ ಹತ್ತಿ ನಿಂತಳು. ಒಂಬತ್ತು ಕುರಿಗಳು ಮೈಗೆ ಮೈ ಒತ್ತಿಕೊಂಡು ಇತ್ತಲೇ ಮುಖ ಮಾಡಿದ್ದವು. ತೆವರು ಚಾಪೆಯಷ್ಟಾಯಿತು. ಆಮೇಲೆ ಅದೂ ಇರಲಿಲ್ಲ. ಅರಚಾಟ ಒಂದೊಂದಾಗಿ ಕಡಿಮೆಯಾಯಿತು. ಮಳೆ ಮತ್ತೆ ಹಿಡಿಯಿತು. ಟ್ರ್ಯಾಕ್ಟರಿನ ತಗಡಿನ ಮೇಲೆ ಅದರದೇ ಸದ್ದು.

"ಎಷ್ಟಿವೆ?" ಕೆಳಗಿನಿಂದ ಕೇಳಿದ ಇದ್ವಾಲ್.

ನೆಸ್ಟಳ ಎದುರಿಗೆ ಆಚೆ ದಡದ ಪೊದೆಗಳವರೆಗೂ ಬರೀ ನೀರು.

"ಒಂಬತ್ತೂ ಇವೆ," ಎಂದಳು. ಕೆಳಗಿಳಿಯದೆ, ತಿರುಗದೆ, ಅಲ್ಲೇ ನೋಡುತ್ತಾ ನಿಂತಳು.