ಜೇಬಿನಲ್ಲಿ ಉಳಿದ ಬೆಂಕಿಪೊಟ್ಟಣ

ಒಗೆಯಲು ಹಾಕಿದ್ದ ಗಂಡ ಶಶಿಯ ಅಂಗಿಯ ಜೇಬಿಗೆ ಕೈಹಾಕಿದ ಪ್ರಮೀಳಾಳಿಗೆ ಸಿಕ್ಕಿದ್ದು ತುಂಬಿದ ಬೆಂಕಿಪೊಟ್ಟಣ. ಆರು ತಿಂಗಳಿಂದ ಆ ಮನೆಯಲ್ಲಿ ಒಡವೆಗಿಂತ ಭದ್ರವಾಗಿದ್ದ ವಸ್ತು ಅದು. ಶಶಿ ಅಡುಗೆಯನ್ನೂ ತಾನೇ ಮಾಡಿ, ಪೊಟ್ಟಣವನ್ನು ಜೇಬಿಗಿಳಿಸಿಕೊಂಡೇ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿಗೆ ಮೂಟೆ ಹೊರಲು ಹೋಗುತ್ತಿದ್ದ. ಕಾಯಿಲೆ ಬಂದರೆ ಇಂಥದ್ದೇ ಬರಲಿ ಎಂದು ಬೀದಿಯ ಹೆಂಗಸರು ಕರುಬುತ್ತಿದ್ದರು. ಇವತ್ತು ಅಂಗಿ ಬದಲಿಸಿದವನು ಪೊಟ್ಟಣ ಮರೆತಿದ್ದ.

ಪ್ರಮೀಳಾ ಹಿತ್ತಿಲ ಹುಲ್ಲಿನ ಮೆದೆಯ ಕಡೆ ನೋಡಿದಳು. ಹಿಂದಿನ ಸುಗ್ಗಿಯ ಎರಡು ಮೆದೆ ಸುಟ್ಟವಳು ಅವಳೇ. ಯಾರ ಮೇಲಿನ ಸಿಟ್ಟಿಗೂ ಅಲ್ಲ. ಒಳಗೆ ಏನೋ ಬಿಗಿಯುತ್ತ ಹೋಗಿ, ಉರಿ ಎದ್ದರೇ ಸಡಿಲವಾಗುತ್ತಿತ್ತು, ಆಮೇಲೆ ಅಳು. ಇದು ಮನಸ್ಸಿನ ಕಾಯಿಲೆ, ಎಳೆತ ಬಂದಾಗ ಮನೆಯಲ್ಲಿ ಯಾರಿಗಾದರೂ ಬಾಯಿಬಿಟ್ಟು ಹೇಳಮ್ಮ ಎಂದಿದ್ದರು ಮೈಸೂರಿನ ಡಾಕ್ಟರು. ಈಗ ಮನೆಯಲ್ಲಿದ್ದದ್ದು ಅತ್ತೆ ಚಿಕ್ಕಬೀರಮ್ಮ ಒಬ್ಬರೇ. "ಕಾಯ್ಲೆ ಅಲ್ಲ ಕಣೆ, ಕೊಬ್ಬು. ಇನ್ನೊಂದ್ಸಲ ಬೆಂಕಿ ಸುದ್ದಿ ಎತ್ತುದ್ರೆ ತವರಿಗೆ ಅಟ್ತೀನಿ" ಎಂದು ಹೇಳಿ ಮಾತು ಬಿಟ್ಟವರು.

ಕಾಲು ಮೆದೆಯತ್ತ ನಾಲ್ಕು ಹೆಜ್ಜೆ ಹೋಯಿತು. ಹೇಗೋ ತಿರುಗಿತು.

ಜಗಲಿಯಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಸೊಸೆಯ ನೆರಳು ಬಿದ್ದದ್ದೇ ತಡ, ಬಾಯಿಗೆ ಹೋಗುತ್ತಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿದರು. ಬಾಯೊಳಗಿನ ಬಿಳಿ ಮಚ್ಚೆ ನೋಡಿದ ಡಾಕ್ಟರು ಹೊಗೆಸೊಪ್ಪು ಬಿಡಿಸಿದ್ದರು. ಬಿಟ್ಟೆನೆಂದು ಮಗನ ತಲೆ ಮುಟ್ಟಿ ಆಣೆ ಮಾಡಿ ತಿಂಗಳಾಗಿತ್ತು.

"ಅತ್ತೆ, ಎಳೀತಾ ಐತೆ." ಪ್ರಮೀಳಾ ಬೆವರಿದ ಅಂಗೈ ಚಾಚಿದಳು. "ಮೆದೆ ತಾವ ಓಗಿದ್ದೆ. ಇದ ಈಸ್ಕೊಳಿ. ಆಮೇಲೆ ಬೇಕಾದ್ರೆ ತವರಿಗೆ ಕಳ್ಸಿ."

ಚಿಕ್ಕಬೀರಮ್ಮ ಪೊಟ್ಟಣ ನೋಡಲಿಲ್ಲ. ಅದನ್ನು ಹಿಡಿದ ಕೈ ನಡುಗುವುದನ್ನು ನೋಡಿದರು. ಆ ನಡುಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಬ್ಯಾಡ ಅಂದ್ರೂವೆ ಎಳೀತದಾ?"

"ಊಂ ಕಣತ್ತೆ. ಬ್ಯಾಡ ಅಂದಷ್ಟೂವೆ."

ಮುದುಕಿ ಪೊಟ್ಟಣ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಸೆರಗಿನಿಂದ ಹೊಗೆಸೊಪ್ಪಿನ ಪುಟ್ಟ ಗಂಟು ತೆಗೆದು ಸೊಸೆಯ ಕೈಗಿಟ್ಟರು. "ಇದ ನೀ ಮಡೀಕೊ. ನಾ ಕೇಳುದ್ರೂ ಕೊಡ್ಬ್ಯಾಡ. ಶಶಿಗೇನಾದ್ರೂ ಏಳ್ದೆ, ಅಷ್ಟೇಯ!"

ಇಬ್ಬರೂ ಅವರೆಕಾಯಿಗೆ ಕೂತರು. ಆರು ತಿಂಗಳ ಮಾತು ಉಳಿದಿತ್ತು: ಕಾಯಿಯೊಳಗಿನ ಹುಳ, ಪಕ್ಕದ ಮನೆ ಪುಟ್ಟಮಲ್ಲಮ್ಮನ ಹೊಸ ಮಿಕ್ಸಿ, ಶಶಿ ಮಾಡುವ ಉಪ್ಪಿಲ್ಲದ ಸಾರು. ಸಾರಿನ ವಿಷಯದಲ್ಲಂತೂ ಅತ್ತೆ ಸೊಸೆಗೆ ಎಂದೂ ಇಲ್ಲದ ಒಮ್ಮತ. ಮೊರ ತುಂಬುವ ಹೊತ್ತಿಗೆ ಪ್ರಮೀಳಾಳ ಕೈ ನಡುಕ ನಿಂತಿತ್ತು. ಮೆದೆ ಇದ್ದಲ್ಲೇ ಇತ್ತು.

ಸಂಜೆ ಶಶಿ ಒಲೆಯ ಮುಂದೆ ನಿಂತು ಗಾಬರಿಯಿಂದ ಜೇಬು ತಡಕಾಡುತ್ತಿದ್ದ. ಚಿಕ್ಕಬೀರಮ್ಮ ಮೆಲ್ಲಗೆ ಹಿತ್ತಿಲಿಗೆ ಬಂದು, ಸೊಸೆಯ ಕಿವಿಯ ಹತ್ತಿರ ಬಾಯಿ ತಂದರು.

"ಪ್ರಮೀಳಾ, ಎಳೀತಾ ಐತೆ ಕಣೆ."